ಶಿರಸಿಯ ಪಿನ್‌ಕೋಡ್ ಬಿಡಿಸಿ ನೋಡೋಣ: ದೊಡ್ಡ ಸಂಖ್ಯೆಯ ಗುಣ ತಿಳಿಯುವ ದಾರಿ

ಕಾರವಾರ 581301. ಶಿರಸಿ 581401. ಬರೆಯುವಾಗ ಒಂದೇ ಅಂಕಿಯ ವ್ಯತ್ಯಾಸ. ಬಿಡಿಸಲು, ಅಂದರೆ ಅವಿಭಾಜ್ಯ ಸಂಖ್ಯೆಗಳ (1 ಮತ್ತು ತನ್ನಿಂದ ಮಾತ್ರ ಭಾಗ ಹೋಗುವವು) ಗುಣಲಬ್ಧವಾಗಿ ಒಡೆಯಲು ಕೂತರೆ ಮಾತ್ರ ಎರಡರ ಸ್ವಭಾವವೂ ಪೂರ್ತಿ ಬೇರೆ. ಕಾರವಾರ ಐದು ನಿಮಿಷದಲ್ಲಿ ಅರ್ಧ ಬಿಚ್ಚಿಕೊಳ್ಳುತ್ತದೆ. ಶಿರಸಿ ಗಟ್ಟಿ ಕುಳ, ಸುಲಭಕ್ಕೆ ಬಗ್ಗುವುದಿಲ್ಲ.

ಜುಲೈ ತಿಂಗಳಲ್ಲಿ ಮಳೆ ಜೋರಾಗಿ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೆ ಅಲ್ವಾ, ಅಂಥ ದಿನ ಮಕ್ಕಳ ಜೊತೆ ಕೂತು ಮಾಡಲು ಇದು ಒಳ್ಳೆ ಕೆಲಸ. ಕರೆಂಟೂ ಬೇಡ, ನೆಟ್‌ವರ್ಕೂ ಬೇಡ. ಒಂದು ನೋಟ್‌ಬುಕ್, ಪೆನ್ಸಿಲ್, ಹೈಸ್ಕೂಲ್ ಮಟ್ಟದ ಲೆಕ್ಕ ಬಂದರೆ ಸಾಕು.

ಪಿನ್‌ಕೋಡೇ ಯಾಕೆ ಅಂದರೆ, ಕಲಿಯುವವರಿಗೆ ಆರಂಕಿ ಹದವಾದ ಗಾತ್ರ. ಮೂರಂಕಿಯದು ಬಾಯಲ್ಲೇ ಮುಗಿದುಹೋಗುತ್ತದೆ. ಹತ್ತಂಕಿಯ ಮೊಬೈಲ್ ನಂಬರ್ ತಗೊಂಡರೆ ಕೈಲೆಕ್ಕದಲ್ಲಿ ವಾರವಾದರೂ ಮುಗಿಯದೇ ಇರಬಹುದು. ಮೇಲಾಗಿ ಊರಿಗೊಂದು ನಂಬರ್ ಇರುವುದರಿಂದ ಪ್ರತಿಯೊಬ್ಬರಿಗೂ ತಮ್ಮೂರಿನದನ್ನು ಬಿಡಿಸುವ ಹಟ ಬರುತ್ತದೆ.

ಪಿನ್ ಪದ್ಧತಿ ಶುರುವಾದದ್ದು 1972ರ ಆಗಸ್ಟ್ 15ರಂದು. ಮೊದಲ ಅಂಕಿ ವಲಯದ್ದು. ಕರ್ನಾಟಕ, ಆಂಧ್ರ, ತೆಲಂಗಾಣಕ್ಕೆ 5. ಮೊದಲ ಮೂರು ಅಂಕಿ ಸೇರಿದರೆ ಟಪಾಲು ವಿಂಗಡಿಸುವ ಜಿಲ್ಲೆ, ಕೊನೆಯ ಮೂರು ಬಟವಾಡೆ ಮಾಡುವ ಅಂಚೆ ಕಚೇರಿ. 581 ನಮ್ಮ ಜಿಲ್ಲೆಯ ಸ್ವತ್ತೇನಲ್ಲ, ಹಾವೇರಿಯದ್ದೂ 581110. ಈ ನಂಬರುಗಳನ್ನು ಹಂಚುವಾಗ ಯಾರೂ ಗಣಿತದ ಚಂದ ನೋಡಿ ಹಂಚಲಿಲ್ಲ. ಹಾಗಾಗಿ ಮುಂದೆ ಸಿಗುವುದೆಲ್ಲ ಕಾಕತಾಳೀಯ. ಇದರಲ್ಲಿ ಭವಿಷ್ಯ ಹುಡುಕಲು ಹೋಗಬೇಡಿ, ಅದಕ್ಕೆ ಬೇರೆ ಜನ ಇದ್ದಾರೆ.

ಹಂತ 1: ಮೊದಲು ಸುಮ್ನೆ ನೋಡಿ

ಸಂಖ್ಯೆ ಕಂಡ ಕೂಡಲೇ ಭಾಗಾಕಾರಕ್ಕೆ ಇಳಿಯಬೇಡಿ. ಪುಕ್ಕಟೆಯಾಗಿ ಸಿಗುವ ಮಾಹಿತಿಯನ್ನು ಮೊದಲು ತಗೊಳ್ಳಿ. ಕೊನೆಯ ಅಂಕಿ ಬೆಸವಾದರೆ 2ರಿಂದ ಭಾಗ ಹೋಗುವುದಿಲ್ಲ. 0 ಅಥವಾ 5 ಅಲ್ಲದಿದ್ದರೆ 5ರಿಂದಲೂ ಹೋಗುವುದಿಲ್ಲ. ಆಮೇಲೆ ಅಂಕಿಗಳನ್ನು ಕೂಡಿಸಿ.

ಕಾರವಾರ: 5+8+1+3+0+1 = 18. ಇದು 9ರಿಂದ ಭಾಗ ಹೋಗುತ್ತದೆ, ಹಾಗಾಗಿ 581301 ಕೂಡ 9ರಿಂದ ಭಾಗ ಹೋಗುತ್ತದೆ. ಶಿರಸಿ: ಮೊತ್ತ 19. 9ರಿಂದ ಭಾಗಿಸಿದರೆ ಶೇಷ 1. ಹಾಗಾಗಿ 3 ಕೂಡ ಇಲ್ಲ.

ಈ ನಿಯಮ ಎಲ್ಲರಿಗೂ ಬಾಯಿಪಾಠ. ಕಾರಣ ಕೇಳಿದರೆ ಮಾತ್ರ ಜಾಸ್ತಿ ಮಂದಿ ತಲೆ ಕೆರೆದುಕೊಳ್ಳುತ್ತಾರೆ. 10, 100, 1000 ಯಾವುದನ್ನೇ 9ರಿಂದ ಭಾಗಿಸಿದರೂ ಶೇಷ 1. ಹಾಗಾದರೆ 5 ಲಕ್ಷದಿಂದ ಉಳಿಯುವುದು 5, 80 ಸಾವಿರದಿಂದ 8, 1 ಸಾವಿರದಿಂದ 1. ಎಲ್ಲ ಶೇಷಗಳನ್ನೂ ಒಟ್ಟು ಹಾಕಿದರೆ ಸಿಗುವುದೇ ಅಂಕಿಗಳ ಮೊತ್ತ. ಮುಂದಿನ ಹಂತದ ಉಪಾಯವೂ ಇದೇ ಜಾತಿಯದು.

ಹಂತ 2: ಮಧ್ಯದಲ್ಲಿ ಕತ್ತರಿಸಿ

ಆರಂಕಿಯ ಸಂಖ್ಯೆಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. 7, 11, 13 ಮೂರನ್ನೂ ಗುಣಿಸಿದರೆ 1001 ಬರುತ್ತದೆ. ಸಂಖ್ಯೆಯನ್ನು ಮೂರು ಮೂರು ಅಂಕಿಯ ಎರಡು ತುಂಡು ಮಾಡಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಉಳಿದದ್ದು 7ರಿಂದ ಭಾಗ ಹೋದರೆ ಇಡೀ ಸಂಖ್ಯೆಯೂ ಹೋಗುತ್ತದೆ. 11ಕ್ಕೂ 13ಕ್ಕೂ ಇದೇ ಮಾತು. ಒಂದೇ ಕಳೆಯುವ ಲೆಕ್ಕದಲ್ಲಿ ಮೂರು ಪರೀಕ್ಷೆ ಮುಗಿಯಿತು.

ಕಾರವಾರ: 581 − 301 = 280. ಇದರಲ್ಲಿ 7 ಇದೆ, 11 ಇಲ್ಲ, 13 ಇಲ್ಲ.
ಶಿರಸಿ: 581 − 401 = 180. ಮೂರೂ ಇಲ್ಲ.

ಯಾಕೆ ಹೀಗೆ? 581ನ್ನು 1001ರಿಂದ ಗುಣಿಸಿದರೆ 581581. ಅದರಿಂದ 180 ಕಳೆದರೆ 581401. 581581ರಲ್ಲಿ 7, 11, 13 ಇದ್ದೇ ಇವೆ. ಇನ್ನು ತೀರ್ಮಾನ ಮಾಡಬೇಕಾದ್ದು 180 ಮಾತ್ರ.

ನಮ್ಮ ಕಡೆಯ ಪಿನ್‌ಗಳಿಗೆ ಇನ್ನೊಂದು ಅನುಕೂಲ ಇದೆ. 581 ಅಂದರೆ 7×83. ಮುಂದಿನ ಅರ್ಧ ಆಗಲೇ 7ರಿಂದ ಭಾಗ ಹೋಗುವುದರಿಂದ ಕೊನೆಯ ಮೂರು ಅಂಕಿ ನೋಡಿದರೆ ಸಾಕು. ಕಾರವಾರದ 301, ಕುಮಟಾದ 343, ಮುರುಡೇಶ್ವರದ 350 ಮೂರೂ 7ರ ಮಗ್ಗಿಯವು. ಕುಮಟಾದ 343 ಅಂತೂ 7×7×7. ಹಾಗಂತ 581343ರಲ್ಲಿ ಮೂರು 7 ಇರಬೇಕು ಅಂತ ಹೊರಟರೆ ಕೈಸುಟ್ಟುಕೊಳ್ಳುತ್ತೀರಿ. ಮುಂದಿನ ಅರ್ಧದಲ್ಲಿ, ಅಂದರೆ 581000ದಲ್ಲಿ, ಇರುವುದು ಒಂದೇ 7. ಆದ್ದರಿಂದ ಒಟ್ಟು ಸಂಖ್ಯೆಯಲ್ಲೂ ಒಂದೇ.

ಎರಡು ಅರ್ಧಗಳನ್ನು ಕಳೆಯುವ ಬದಲು ಕೂಡಿಸಿದರೆ 37 ಗೊತ್ತಾಗುತ್ತದೆ, ಯಾಕೆಂದರೆ 999 ಅಂದರೆ 27×37. ಶಿರಸಿಗೆ 581 + 401 = 982; 37ರಿಂದ ಭಾಗಿಸಿದರೆ ಶೇಷ 20. ಎರಡೆರಡು ಅಂಕಿಯ ಜೋಡಿ ಮಾಡಿ ಕೂಡಿಸು, ಕಳೆ, ಕೂಡಿಸು ಅಂತ ಹೋದರೆ 101ರ ಪರೀಕ್ಷೆ: 58 − 14 + 01 = 45. ಅದೂ ಇಲ್ಲ.

ಹಂತ 3: ಎಲ್ಲಿಯವರೆಗೆ ಹೋಗಬೇಕು?

ಇನ್ನು ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸುತ್ತಾ ಹೋಗಬೇಕು. ಆದರೆ ಐದು ಲಕ್ಷದವರೆಗೂ ಹೋಗಬೇಕಿಲ್ಲ, ವರ್ಗಮೂಲದ ತನಕ ಹೋದರೆ ಮುಗಿಯಿತು. ಸಂಖ್ಯೆ ಎರಡು ತುಂಡಾಗುವುದೇ ಆದರೆ ಎರಡೂ ತುಂಡು ವರ್ಗಮೂಲಕ್ಕಿಂತ ದೊಡ್ಡದಾಗಿರಲು ಸಾಧ್ಯವಿಲ್ಲ. ಗುಣಿಸಿದರೆ ಸಂಖ್ಯೆಯನ್ನೇ ಮೀರಿಬಿಡುತ್ತದೆ.

762ರ ವರ್ಗ 580644, 763ರ ವರ್ಗ 582169. ಆದ್ದರಿಂದ ನಮ್ಮ ಗಡಿ 762. ಅದರ ಒಳಗೆ ಇರುವ ಅವಿಭಾಜ್ಯ ಸಂಖ್ಯೆಗಳು 135. ಪಟ್ಟಿ ಇಲ್ಲವೇ? 1ರಿಂದ 762ರವರೆಗೆ ಬರೆದು 2, 3, 5, 7, 11, 13, 17, 19, 23ರ ಮಗ್ಗಿಯಲ್ಲಿ ಬರುವುದನ್ನೆಲ್ಲ ಹೊಡೆದುಹಾಕಿ. ಆ ಒಂಬತ್ತು ಸಂಖ್ಯೆಗಳನ್ನು ಮಾತ್ರ ಹೊಡೆಯದೆ ಉಳಿಸಿಕೊಳ್ಳಿ, 1ನ್ನು ಹೊಡೆದುಹಾಕಿ. ಉಳಿದದ್ದೆಲ್ಲ ಅವಿಭಾಜ್ಯ. 29ರ ವರ್ಗ 841, ಅದು 762ನ್ನು ಮೀರುವುದರಿಂದ 23ಕ್ಕೇ ನಿಲ್ಲಿಸಬಹುದು. ಗ್ರೀಸ್‌ನ ಎರಟೋಸ್ತನೀಸ್ ಹೆಸರಿನಲ್ಲಿ ಬಂದ ಈ ಜರಡಿ ಎರಡು ಸಾವಿರ ವರ್ಷಕ್ಕಿಂತ ಹಳೆಯದು.

ಕಾರವಾರದ ಕೆಲಸ ಮೊದಲು ಮುಗಿಸಿಬಿಡೋಣ. 9ರಿಂದ ಭಾಗಿಸಿದರೆ 64589. ಅದನ್ನು 7ರಿಂದ ಭಾಗಿಸಿದರೆ 9227. ಈಗ ಗಡಿಯನ್ನು ಮತ್ತೆ ಲೆಕ್ಕ ಹಾಕಬೇಕು, ಇದನ್ನು ಮರೆಯುವವರು ಬಹಳ. 9227ರ ವರ್ಗಮೂಲ 96 ಚಿಲ್ಲರೆ. ಅಂದರೆ 762ರ ಗಡಿ ಏಕಾಏಕಿ 96ಕ್ಕೆ ಇಳಿಯಿತು. 9227ರ ಅಂಕಿಗಳ ಮೊತ್ತ 20, ಹಾಗಾಗಿ ಇನ್ನೊಂದು 3 ಇಲ್ಲ. 7ರಿಂದ ಭಾಗಿಸಿದರೆ ಶೇಷ 1. 11, 13 ಇಲ್ಲ ಅಂತ ಆಗಲೇ ನೋಡಿದ್ದೇವೆ. ಉಳಿದದ್ದು 17ರಿಂದ 89ರವರೆಗಿನ 18 ಸಂಖ್ಯೆಗಳು. ಒಂದೂ ಹೋಗುವುದಿಲ್ಲ. 41ರಲ್ಲಿ ಶೇಷ 2, 23ರಲ್ಲಿ ಶೇಷ 4, ಹೀಗೆ ಆಸೆ ತೋರಿಸಿ ಕೈಕೊಡುತ್ತವೆ. ಹಾಗಾದರೆ 9227 ಅವಿಭಾಜ್ಯ.

581301 = 3² × 7 × 9227

ಹಂತ 4: ಶಿರಸಿಯ ಜೊತೆ ಜಟಾಪಟಿ

ಶಿರಸಿಗೆ ಇಂಥ ರಿಯಾಯಿತಿ ಸಿಗಲಿಲ್ಲ. ಸಣ್ಣ ಸಂಖ್ಯೆ ಯಾವುದೂ ಒಳಗೆ ಬರದ ಕಾರಣ ಗಡಿ 762ರಲ್ಲೇ ನಿಂತಿದೆ.

ಮೊದಲು ಪಕ್ಕದ ಮನೆಯವರನ್ನು ವಿಚಾರಿಸಿ. 581400 ಅಂದರೆ 5814×100. 5814 ಅಂದರೆ 2×3²×17×19. ಹಾಗಾದರೆ 581400ರಲ್ಲಿ 2, 3, 5, 17, 19 ಎಲ್ಲವೂ ಇವೆ. ಅದಕ್ಕೆ 1 ಸೇರಿಸಿದರೆ ಶಿರಸಿ. ಆದ್ದರಿಂದ ಈ ಐದರಿಂದಲೂ ಶೇಷ 1 ಬರುತ್ತದೆ. 17 ಮತ್ತು 19ನ್ನು ಭಾಗಾಕಾರ ಮಾಡದೆಯೇ ಹೊಡೆದುಹಾಕಿದೆವು.

ಇನ್ನು ಭಾಗಿಸಲೇಬೇಕು. ಆದರೆ ಶಾಲೆಯಲ್ಲಿ ಮಾಡುವ ಹಾಗೆ ಒಂದೊಂದೇ ಅಂಕಿ ಇಳಿಸುವುದು ಬೇಡ. ನಮಗೆ ಭಾಗಲಬ್ಧ ಬೇಕಾಗಿಲ್ಲ, ಶೇಷ ಬೇಕು. ಕಣ್ಣಿಗೆ ಕಂಡ ದೊಡ್ಡ ಗುಣಕವನ್ನು ಕಳೆಯುತ್ತಾ ಹೋಗಿ. 23ಕ್ಕೆ ಮಾಡಿ ತೋರಿಸುತ್ತೇನೆ. 23×25000 = 575000, ಕಳೆದರೆ 6401. ಅದರಿಂದ 4600 ಕಳೆದರೆ 1801. 1610 ಕಳೆದರೆ 191. 184 ಕಳೆದರೆ 7. ಶೇಷ 7, ಮುಂದಕ್ಕೆ ಹೋಗಿ.

ಮೊಬೈಲಿನ ಕ್ಯಾಲ್ಕುಲೇಟರ್ ಬಳಸುವವರಿಗೆ ಒಂದು ಮಾತು. 581401 ÷ 29 ಒತ್ತಿದರೆ 20048.31… ಅಂತ ಬರುತ್ತದೆ. ಶೇಷ ಬೇಕಾದರೆ 20048 ಕಳೆದು, ಉಳಿದ ದಶಾಂಶವನ್ನು 29ರಿಂದ ಗುಣಿಸಿ. 9 ಸಿಗುತ್ತದೆ. ಕೊನೆಯಲ್ಲಿ 8.9999 ಅಂತ ಬಂದರೂ ಅದು 9 ಅಂತಲೇ ಲೆಕ್ಕ, ಗಾಬರಿ ಬೇಡ.

ಶೇಷಗಳನ್ನು ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆದಿಡಿ. 31ಕ್ಕೆ 27, 41ಕ್ಕೆ 21, 47ಕ್ಕೆ 11, 61ಕ್ಕೆ 10. 43ರಲ್ಲಿ 41 ಉಳಿಯುತ್ತದೆ, ಇನ್ನೆರಡು ಇದ್ದಿದ್ದರೆ ಹೋಗುತ್ತಿತ್ತು. 149ರಲ್ಲಿ ಶೇಷ 3. 191ರಲ್ಲಿ 188, ಅಲ್ಲೂ ಮೂರೇ ಸಾಲದು. 383ರಲ್ಲಿ 7. ನೂರು ದಾಟಿ, ಇನ್ನೂರು ದಾಟಿ, ಮುನ್ನೂರು ದಾಟಿದ ಮೇಲೆ ಮಕ್ಕಳು "ಇದು ಅವಿಭಾಜ್ಯವೇ ಇರಬೇಕು, ಬಿಟ್ಟುಬಿಡೋಣ" ಅನ್ನುತ್ತಾರೆ. ಬಿಡಬೇಡಿ. ಗಡಿ ಮುಟ್ಟುವ ತನಕ ಆ ಮಾತು ಹೇಳುವ ಹಾಗಿಲ್ಲ.

401 ಇಲ್ಲ. 409 ಇಲ್ಲ. 419ರಲ್ಲಿ 248. ಆಮೇಲೆ 421.

421×1000 ಕಳೆದರೆ 160401.
421×300 = 126300 ಕಳೆದರೆ 34101.
421×80 = 33680 ಕಳೆದರೆ 421.

ಉಳಿದದ್ದೂ 421! ಇನ್ನೊಂದು ಸಲ ಕಳೆದರೆ ಸೊನ್ನೆ. ಒಟ್ಟು 1381 ಸಲ.

581401 = 421 × 1381

421 ಅನ್ನುವುದು 82ನೇ ಅವಿಭಾಜ್ಯ ಸಂಖ್ಯೆ. ಅಂದರೆ 81 ಕಡೆ ಬಾಗಿಲು ಬಡಿದ ಮೇಲೆ ಒಂದು ತೆರೆಯಿತು. ಮಳೆಗಾಲದ ಮಧ್ಯಾಹ್ನಕ್ಕೆ ಸರಿಯಾದ ಕೆಲಸ.

1381ನ್ನು ಮತ್ತೆ ಪರೀಕ್ಷೆ ಮಾಡಬೇಕೇ? ಬೇಕಿಲ್ಲ. ಅದರ ವರ್ಗಮೂಲ 37 ಚಿಲ್ಲರೆ. 37ರವರೆಗಿನ ಯಾವ ಸಂಖ್ಯೆಯೂ 581401ಕ್ಕೇ ಹೋಗಿಲ್ಲ ಅಂದಮೇಲೆ ಅದರ ತುಂಡಾದ 1381ಕ್ಕೆ ಹೇಗೆ ಹೋದೀತು? ಅದೂ ಅವಿಭಾಜ್ಯ. ಶಿರಸಿ ಬರೀ ಎರಡು ಅವಿಭಾಜ್ಯಗಳ ಗುಣಲಬ್ಧ.

ಫ್ರಾನ್ಸಿನ ಗಣಿತಜ್ಞ ಫರ್ಮಾ ತೋರಿಸಿದ ಇನ್ನೊಂದು ದಾರಿಯೂ ಇದೆ. ವರ್ಗಮೂಲದ ಪಕ್ಕದಿಂದ ಮೇಲಕ್ಕೆ ಹೋಗುತ್ತಾ, ವರ್ಗದಿಂದ ನಮ್ಮ ಸಂಖ್ಯೆಯನ್ನು ಕಳೆದಾಗ ಇನ್ನೊಂದು ವರ್ಗ ಸಿಗುತ್ತದೆಯೇ ಅಂತ ನೋಡುವುದು. 763² − 581401 = 768, ವರ್ಗವಲ್ಲ. 764ಕ್ಕೆ 2295, ಅಲ್ಲ. ಹೀಗೆ ಹೋದರೆ 901ಕ್ಕೆ ಬಂದಾಗ 901² − 581401 = 230400, ಅದು 480ರ ವರ್ಗ. 901ಕ್ಕೆ 480 ಕೂಡಿಸಿದರೆ 1381, ಕಳೆದರೆ 421. ಚಂದವೇನೋ ಹೌದು, ಆದರೆ ಇಲ್ಲಿ 139 ಹೆಜ್ಜೆ ಬೇಕಾಯಿತು. ಎರಡು ತುಂಡುಗಳು ಒಂದಕ್ಕೊಂದು ಹತ್ತಿರ ಇದ್ದಾಗ ಮಾತ್ರ ಈ ದಾರಿಗೆ ಹೋಗಿ.

ಇಂಟರ್‌ನೆಟ್ಟಿನ ಭದ್ರತೆಗೆ ದಶಕಗಳಿಂದ ಬಳಕೆಯಲ್ಲಿರುವ ಆರ್‌ಎಸ್‌ಎ ಪದ್ಧತಿ ನಿಂತಿರುವುದು ಶಿರಸಿಯಂಥ ಸಂಖ್ಯೆಗಳ ಮೇಲೆಯೇ: ಎರಡು ಅವಿಭಾಜ್ಯಗಳನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಅವನ್ನು ಹುಡುಕುವುದು ಕಷ್ಟ. ವ್ಯತ್ಯಾಸ ಗಾತ್ರದಲ್ಲಿದೆ. ಈ ಜಾತಿಯ 250 ಅಂಕಿಯ ಸಂಖ್ಯೆಯೊಂದನ್ನು 2020ರಲ್ಲಿ ಬಿಡಿಸಿದರು. ಅದಕ್ಕೆ ಸಾವಿರಾರು ಕಂಪ್ಯೂಟರ್‌ಗಳ ಶ್ರಮ ಬೇಕಾಯಿತು.

ಹಂತ 5: ತಾಳೆ ನೋಡಿ

ಗುಣಿಸಿ ನೋಡುವುದು ಒಂದು ಬಗೆ. ಬೇಗ ಆಗಬೇಕಾದರೆ ಅಂಕಿಗಳ ಮೊತ್ತ ಬಳಸಿ. 421ರ ಮೊತ್ತ 7. 1381ರದ್ದು 13, ಅಂದರೆ 4. 7×4 = 28, ಅದರ ಮೊತ್ತ 10, ಅಂದರೆ 1. ಶಿರಸಿಯ 19 ಕೂಡ ಕೊನೆಗೆ 1. ತಾಳೆಯಾಯಿತು.

ಈ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ ಅನ್ನುವುದಕ್ಕೆ ನಮ್ಮ ಕರಾವಳಿಯಲ್ಲೇ ಉದಾಹರಣೆ ಇದೆ. ಕುಮಟಾ 581343, ಹೊನ್ನಾವರ 581334. ಕೊನೆಯ ಎರಡಂಕಿ ಅದಲುಬದಲು, ಅಷ್ಟೇ. ಗಡಿಬಿಡಿಯಲ್ಲಿ 43 ಬರೆಯುವ ಕಡೆ 34 ಬರೆದರೆ ಕುಮಟಾದ ಪತ್ರಕ್ಕೆ ಹೊನ್ನಾವರದ ವಿಳಾಸ ಬೀಳುತ್ತದೆ. ಅಂಕಿಗಳ ಮೊತ್ತ ಎರಡಕ್ಕೂ 24. 9ರ ಪರೀಕ್ಷೆಗೆ ಈ ಎರಡು ಊರುಗಳ ನಡುವೆ ವ್ಯತ್ಯಾಸವೇ ಕಾಣುವುದಿಲ್ಲ.

ಅದಕ್ಕೆ 11ರ ಪರೀಕ್ಷೆಯನ್ನೂ ಜೊತೆಗಿಟ್ಟುಕೊಳ್ಳಿ. ಬಲದಿಂದ ಎಡಕ್ಕೆ ಒಂದು ಕೂಡಿಸಿ, ಒಂದು ಕಳೆಯಿರಿ. ಕುಮಟಾ: 3−4+3−1+8−5 = 4. ಹೊನ್ನಾವರ: 4−3+3−1+8−5 = 6. ಇಲ್ಲಿ ಸಿಕ್ಕಿಬಿತ್ತು. ಅಕ್ಕಪಕ್ಕದ ಬೇರೆ ಬೇರೆ ಅಂಕಿ ಅದಲುಬದಲಾದರೆ 11ರ ಪರೀಕ್ಷೆ ಯಾವಾಗಲೂ ಹಿಡಿಯುತ್ತದೆ.

ಅಂಗಡಿ ಲೆಕ್ಕ ಬರೆಯುವವರಿಗೆ ಇದರ ಇನ್ನೊಂದು ಮುಖ ಗೊತ್ತಿರುತ್ತದೆ. ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ 9ರಿಂದ ಭಾಗ ಹೋಗುತ್ತದೆ. ಸಂಜೆ ಲೆಕ್ಕ ಕೂಡಿಸುವಾಗ 27 ಅಥವಾ 63 ರೂಪಾಯಿ ತಾಳೆಯಾಗದಿದ್ದರೆ ಮೊದಲು ಹುಡುಕಬೇಕಾದದ್ದು ತಿರುಗಿ ಬಿದ್ದ ಅಂಕಿಯನ್ನೇ. 581343 − 581334 = 9.

ಬಿಡಿಸಿದ ಮೇಲೆ ಏನು ಮಾಡುವುದು?

ಇಷ್ಟೆಲ್ಲ ಕಷ್ಟಪಟ್ಟದ್ದು ಇದಕ್ಕೇ. ತುಂಡುಗಳು ಕೈಗೆ ಸಿಕ್ಕರೆ ಸಂಖ್ಯೆಯ ಉಳಿದ ಗುಣಗಳೆಲ್ಲ ತಾವಾಗಿ ಬರುತ್ತವೆ.

ಒಟ್ಟು ಎಷ್ಟು ಅಪವರ್ತನಗಳಿವೆ? ಪ್ರತಿ ಅವಿಭಾಜ್ಯದ ಘಾತಕ್ಕೆ 1 ಸೇರಿಸಿ, ಎಲ್ಲವನ್ನೂ ಗುಣಿಸಿ. ಕಾರವಾರಕ್ಕೆ 3×2×2 = 12. ಅವು 1, 3, 7, 9, 21, 63 ಮತ್ತು ಈ ಆರನ್ನೂ 9227ರಿಂದ ಗುಣಿಸಿದಾಗ ಬರುವ ಇನ್ನಾರು. ಶಿರಸಿಗೆ ಬರೀ ನಾಲ್ಕು: 1, 421, 1381, 581401.

ಕುಮಟಾ ಈ ವಿಷಯದಲ್ಲಿ ಶ್ರೀಮಂತ. 3 ಮತ್ತು 7 ತೆಗೆದರೆ 27683 ಉಳಿಯುತ್ತದೆ. 19ರಿಂದ ಭಾಗಿಸಿದರೆ 1457. ಅದು 31×47.

581343 = 3 × 7 × 19 × 31 × 47

ಐದು ಬೇರೆ ಬೇರೆ ಅವಿಭಾಜ್ಯಗಳು, ಒಂದೂ 50 ದಾಟುವುದಿಲ್ಲ. ಅಪವರ್ತನಗಳು 32. ಹೊನ್ನಾವರವೂ ಐದು ಅವಿಭಾಜ್ಯಗಳದ್ದೇ: 2×3×13×29×257. ಅಲ್ಲೂ 32. ಇಬ್ಬರಿಗೂ ಹೊಂದುವ ಅತಿ ದೊಡ್ಡ ಅಪವರ್ತನ ಬರೀ 3. ಅದು ಬಿಡಿಸುವ ಮೊದಲೇ ಅಂದಾಜಿಗೆ ಸಿಗುತ್ತಿತ್ತು. ಎರಡಕ್ಕೂ ಹೋಗುವ ಸಂಖ್ಯೆ ಅವುಗಳ ವ್ಯತ್ಯಾಸವಾದ 9ಕ್ಕೂ ಹೋಗಲೇಬೇಕು. ಮೊತ್ತ 24 ಆದದ್ದರಿಂದ 3 ಹೋಗುತ್ತದೆ, 9 ಹೋಗುವುದಿಲ್ಲ. ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಹುಡುಕುವ ಯೂಕ್ಲಿಡ್‌ನ ಕ್ರಮದ ಒಳಗುಟ್ಟು ಇಷ್ಟೇ.

ಅಪವರ್ತನಗಳ ಮೊತ್ತ ಬೇಕೇ? ಒಂದೇ ಅವಿಭಾಜ್ಯ ಎರಡು ಸಲ ಬಾರದಿದ್ದರೆ ಪ್ರತಿಯೊಂದಕ್ಕೂ 1 ಕೂಡಿಸಿ ಗುಣಿಸಿದರಾಯಿತು. ಕುಮಟಾ: 4×8×20×32×48 = 983040. ಸಂಖ್ಯೆಯನ್ನೇ ಅದರಿಂದ ಕಳೆದರೆ 401697, ಇದು 581343ಕ್ಕಿಂತ ಕಡಿಮೆ. ಹೊನ್ನಾವರ: 3×4×14×30×258 = 1300320. ಕಳೆದರೆ 718986, ಇದು 581334ಕ್ಕಿಂತ ಜಾಸ್ತಿ. ಅಪವರ್ತನಗಳ ಎಣಿಕೆ ಒಂದೇ ಆದರೂ ಕುಮಟಾಕ್ಕೆ ಕೊರತೆ, ಹೊನ್ನಾವರಕ್ಕೆ ಉಳಿಕೆ. ಹೊನ್ನಾವರದ ಒಳಗೆ 2 ಮತ್ತು 3 ಎರಡೂ ಇರುವುದೇ ಕಾರಣ: 6ರ ಗುಣಕ 6ಕ್ಕಿಂತ ದೊಡ್ಡದಾದರೆ ಸಾಕು, ಉಳಿಕೆಯೇ ಬರುತ್ತದೆ. 6, 28, 496ರಂತೆ ಸರಿಸಮ ಬಂದರೆ ಪರಿಪೂರ್ಣ ಸಂಖ್ಯೆ. ಆ ಭಾಗ್ಯ ನಮ್ಮ ಯಾವ ಊರಿಗೂ ಇಲ್ಲ, ಆರಂಕಿಯಲ್ಲಿ ಪರಿಪೂರ್ಣ ಸಂಖ್ಯೆಯೇ ಇಲ್ಲ.

ಅಂಕಿಗಳ ಮೊತ್ತದಿಂದಲೇ ಭಾಗ ಹೋಗುವ ಸಂಖ್ಯೆಗೆ ಹರ್ಷದ್ ಸಂಖ್ಯೆ ಅನ್ನುತ್ತಾರೆ. ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ಡಿ. ಆರ್. ಕಾಪ್ರೇಕರ್ (1905–1986) ಇಟ್ಟ ಹೆಸರು ಅದು. ಮುರುಡೇಶ್ವರ 581350ರ ಮೊತ್ತ 22, ಭಾಗಿಸಿದರೆ ಸರಿಯಾಗಿ 26425. ಶಿರಸಿಯ ಮೊತ್ತ 19, ಶೇಷ 1. ಕೂದಲೆಳೆಯಲ್ಲಿ ತಪ್ಪಿತು.

ಶಿರಸಿಯ ಇನ್ನೊಂದು ಮುಖ: ಎರಡು ವರ್ಗಗಳ ಮೊತ್ತ

421 ಮತ್ತು 1381 ಎರಡನ್ನೂ 4ರಿಂದ ಭಾಗಿಸಿದರೆ ಶೇಷ 1. ಇಂಥ ಅವಿಭಾಜ್ಯಗಳನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ರೀತಿಯಲ್ಲಿ. ಫರ್ಮಾ ಇದನ್ನು 1640ರ ಪತ್ರವೊಂದರಲ್ಲಿ ಹೇಳಿದ್ದ. ನೂರು ವರ್ಷದ ಮೇಲೆ ಸ್ವಿಸ್ ಗಣಿತಜ್ಞ ಆಯ್ಲರ್ ಸಾಧಿಸಿ ತೋರಿಸಿದ. ಶೇಷ 3 ಬರುವ ಅವಿಭಾಜ್ಯ ಬೆಸ ಸಲ ಒಳಗಿದ್ದರೆ ಇದು ಸಾಧ್ಯವೇ ಇಲ್ಲ. ಕಾರವಾರದಲ್ಲಿ ಒಂಟಿ 7 ಇದೆ, ಹಾಗಾಗಿ ಅದು ಆಟದಿಂದ ಹೊರಗೆ.

ಹುಡುಕುವುದು ಕಷ್ಟವಿಲ್ಲ. ದೊಡ್ಡ ವರ್ಗದಿಂದ ಶುರು ಮಾಡಿ ಕಳೆಯುತ್ತಾ ಬನ್ನಿ. 1381 − 37² = 12, ಅಲ್ಲ. 36ಕ್ಕೆ 85, 35ಕ್ಕೆ 156, 34ಕ್ಕೆ 225. ಸಿಕ್ಕಿತು, 225 ಅಂದರೆ 15². ಹಾಗೆಯೇ 421 = 15² + 14².

ಇವೆರಡನ್ನು ಗುಣಿಸಿದರೆ ಬರುವುದೂ ಎರಡು ವರ್ಗಗಳ ಮೊತ್ತವೇ. ಅದನ್ನು ಪಡೆಯುವ ಸೂತ್ರಕ್ಕೆ ಬ್ರಹ್ಮಗುಪ್ತನ ಹೆಸರಿದೆ, ಕಾಲ ಕ್ರಿ.ಶ. 628. (15, 14) ಮತ್ತು (34, 15) ಜೋಡಿಗಳನ್ನು ನೇರಕ್ಕೆ ಗುಣಿಸಿದರೆ 15×34 = 510, 14×15 = 210. ಅಡ್ಡಕ್ಕೆ ಗುಣಿಸಿದರೆ 15×15 = 225, 14×34 = 476. ನೇರದವನ್ನು ಕಳೆದು ಅಡ್ಡದವನ್ನು ಕೂಡಿಸಿದರೆ 300 ಮತ್ತು 701. ನೇರದವನ್ನು ಕೂಡಿಸಿ ಅಡ್ಡದವನ್ನು ಕಳೆದರೆ 720 ಮತ್ತು 251.

581401 = 300² + 701² = 720² + 251²

90000ಕ್ಕೆ 491401 ಕೂಡಿಸಿ. 518400ಕ್ಕೆ 63001 ಕೂಡಿಸಿ. ಎರಡೂ ಕಡೆ ಶಿರಸಿಯೇ.

ಆಯ್ಲರ್ ಇದನ್ನೇ ತಿರುಗಿಸಿ ಬಳಸಿದ. ಬೆಸ ಸಂಖ್ಯೆಯೊಂದನ್ನು ಎರಡು ವರ್ಗಗಳ ಮೊತ್ತವಾಗಿ ಎರಡು ಬೇರೆ ರೀತಿಯಲ್ಲಿ ಬರೆಯಲು ಬಂದರೆ ಅದು ಅವಿಭಾಜ್ಯವಲ್ಲ, ಅದರ ತುಂಡುಗಳೂ ಅಲ್ಲೇ ಸಿಗುತ್ತವೆ. ಸಮದಿಂದ ಸಮ ಕಳೆಯಿರಿ: 720 − 300 = 420. ಬೆಸದಿಂದ ಬೆಸ: 701 − 251 = 450. ಇವೆರಡರ ಮ.ಸಾ.ಅ. 30. 420ನ್ನು 30ರಿಂದ ಭಾಗಿಸಿದರೆ 14, 450ನ್ನು ಭಾಗಿಸಿದರೆ 15. 14² + 15² = 421. ನಾವು 81 ಸಲ ಸೋತು ಹುಡುಕಿದ ಸಂಖ್ಯೆ ನಾಲ್ಕು ಸಾಲಿನಲ್ಲಿ ಬಂತು. ಆದರೆ ಆ ಎರಡು ಜೋಡಿಗಳು ಮೊದಲೇ ಕೈಯಲ್ಲಿರಬೇಕು, ಅವನ್ನು ಹುಡುಕುವ ಕೆಲಸವೂ ಭಾಗಾಕಾರದಷ್ಟೇ ದೊಡ್ಡದು.

ನೀವು ಯಾವುದರಿಂದ ಶುರು ಮಾಡಬೇಕು?

ಮೊದಲ ಸಲ ಮಾಡುವವರು ಮುರುಡೇಶ್ವರ ತಗೊಳ್ಳಿ. 50 ತೆಗೆದ ಮೇಲೆ 7 ಮತ್ತು 11 ಸರಾಗವಾಗಿ ಹೋಗುತ್ತವೆ, ಉಳಿದದ್ದು ಮೂರಂಕಿ. ಯಲ್ಲಾಪುರ 581359ಕ್ಕೆ ಸ್ವಲ್ಪ ತಾಳ್ಮೆ ಬೇಕು, ಆದರೆ 70 ದಾಟುವ ಮೊದಲೇ ಬಗ್ಗುತ್ತದೆ. ಸಿದ್ದಾಪುರ 581355ರಲ್ಲಿ 5 ಮತ್ತು 9 ತೆಗೆದರೆ 12919. ಭಟ್ಕಳ 581320ರಲ್ಲಿ 8 ಮತ್ತು 5 ತೆಗೆದರೆ 14533. ಈ ಎರಡಕ್ಕೂ 113ರವರೆಗಿನ ಅವಿಭಾಜ್ಯಗಳನ್ನು ನೋಡಿದರೆ ತೀರ್ಮಾನ ಸಿಗುತ್ತದೆ, ಅಂಥವು ಒಟ್ಟು 30. ಅಂಕೋಲಾ 581314 ಮತ್ತು ಗೋಕರ್ಣ 581326ರಲ್ಲಿ 2 ತೆಗೆದ ಮೇಲೆ ಸಣ್ಣ ಸಂಖ್ಯೆ ಯಾವುದೂ ಬೇಗ ಹೋಗುವುದಿಲ್ಲ, ಗಡಿ 539ರವರೆಗೆ ಇದೆ. ಅವನ್ನು ಸಾಲಾಗಿ ಎರಡು ದಿನ ರಜೆ ಸಿಕ್ಕಾಗ ಹಿಡಿಯಿರಿ.